ಲೀಡ್ ಯಾವಾಗ, ಲೆಡ್ ಯಾವಾಗ?

ಎಲ್, ಇ, ಎ, ಡಿ. ನಾಲ್ಕೇ ಅಕ್ಷರ. ಗಟ್ಟಿಯಾಗಿ ಓದುವಾಗ ಎಷ್ಟೋ ಜನ ಇಲ್ಲಿ ತಡವರಿಸುತ್ತಾರೆ. ಲೀಡ್ ಅನ್ನಬೇಕೋ, ಲೆಡ್ ಅನ್ನಬೇಕೋ? ಸ್ಪೆಲಿಂಗ್ ನೋಡಿ ಹೇಳಲಾಗದು. ಅರ್ಥ ನೋಡಿದರೆ ಹೇಳಬಹುದು.

ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಸೀಸದ ಮಾತೇ? ಹೌದಾದರೆ ಲೆಡ್. ಸೀಸದ ಪೈಪ್, ಸೀಸ ಬೆರೆತ ಬಣ್ಣ, ಲೆಡ್ ಆಸಿಡ್ ಬ್ಯಾಟರಿ, ಸೀಸ ಬೆರೆಸದ ‘ಅನ್‌ಲೆಡೆಡ್’ ಪೆಟ್ರೋಲ್, ಎಲ್ಲಕ್ಕೂ ಇದೇ ಉಚ್ಚಾರ. ಪುಟ ವಿನ್ಯಾಸ ಮಾಡುವವರು ಸಾಲುಗಳ ನಡುವಿನ ಜಾಗಕ್ಕೆ ‘ಲೆಡಿಂಗ್’ ಅನ್ನುತ್ತಾರೆ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಅಲ್ಲಿ ಸೀಸದ ತೆಳು ಪಟ್ಟಿ ಇಡುತ್ತಿದ್ದರು. ಅದಕ್ಕೇ ಈ ಹೆಸರು. ಇದನ್ನು ಲೀಡಿಂಗ್ ಎಂದು ಓದುವವರೇ ಜಾಸ್ತಿ.

ಪೆನ್ಸಿಲ್ಲಿನ ಒಳಗಿರುವುದೂ ಲೆಡ್. ಆದರೆ ಅದರಲ್ಲಿ ಸೀಸ ಇಲ್ಲ, ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್‌ನಲ್ಲಿ ಗ್ರಾಫೈಟ್ ಸಿಕ್ಕಾಗ ಜನ ಅದನ್ನೂ ಒಂದು ಬಗೆಯ ಸೀಸ ಎಂದುಕೊಂಡರು. ಅದು ಇಂಗಾಲ ಎಂದು 1779ರಲ್ಲಿ ರಸಾಯನ ವಿಜ್ಞಾನಿ ಕಾರ್ಲ್ ಶೀಲೆ ತೋರಿಸಿದರೂ ಹೆಸರು ಉಳಿದುಬಿಟ್ಟಿತು. ಕನ್ನಡದಲ್ಲೂ ‘ಸೀಸದ ಕಡ್ಡಿ’ ಅಂತೀವಲ್ವಾ? ನಮಗೆ ಅದೇ ಒಳ್ಳೆಯ ಗುರುತು.

ಸೀಸ ಅಲ್ಲದಿದ್ದರೆ ಲೀಡ್. ತಂಡವನ್ನು ಮುನ್ನಡೆಸುವುದು, ಮತ ಎಣಿಕೆಯಲ್ಲಿ ಮುಂದಿರುವುದು, ನಾಟಕದ ಮುಖ್ಯ ಪಾತ್ರ, ಪೊಲೀಸರಿಗೆ ಸಿಕ್ಕ ಸುಳಿವು, ನಾಯಿಯನ್ನು ಹಿಡಿದು ನಡೆಸುವ ಹಗ್ಗ, ಎಲ್ಲವೂ ಲೀಡ್. ಮೀಟರಿಗೆ ಸಿಕ್ಕಿಸುವ ವೈರ್ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಲೋಹ ಅಂತ ಲೆಡ್ ಅನ್ನಬೇಡಿ. ಅದು ಕರೆಂಟನ್ನು ಕರೆದೊಯ್ಯುವ ಲೀಡ್.

ಇನ್ನು ಬಾಯಿಯ ಕೆಲಸ. ‘ಲೀ’ ದೀರ್ಘ, ‘ಲೆ’ ಹ್ರಸ್ವ. ಕನ್ನಡದ ನಾಲಿಗೆಗೆ ಈ ವ್ಯತ್ಯಾಸ ಕಷ್ಟವೇ ಅಲ್ಲ. ‘ಲೆ’ಯನ್ನು ‘ಲೇ’ ಎಂದು ಎಳೆದರೆ ಮಾತ್ರ ತೊಂದರೆ, ಕೇಳುವವರಿಗೆ ‘ಇಟ್ಟ’ ಎಂಬ ಅರ್ಥದ ಬೇರೆ ಪದ ಕೇಳಿಸುತ್ತದೆ. ಕೊನೆಗೆ ‘ಉ’ ಸೇರಿಸಿ ಲೀಡು, ಲೆಡ್ಡು ಅನ್ನುವುದನ್ನೂ ಬಿಡಿ.

ಬರೆಯುವಾಗ ಇನ್ನೊಂದು ತಪ್ಪು ತುಂಬಾ ಆಗುತ್ತದೆ. ‘ಮುನ್ನಡೆಸಿದರು’ ಎನ್ನಲು ಲೆಡ್ ಎಂದೇ ಹೇಳಬೇಕು, ಆದರೆ ಸ್ಪೆಲಿಂಗ್‌ನಲ್ಲಿ ‘ಎ’ ಇರುವುದಿಲ್ಲ. ಎಲ್, ಇ, ಡಿ ಅಷ್ಟೇ. ‘ಓದು’ ಎಂಬ ಅರ್ಥದ ರೀಡ್ ಭೂತಕಾಲದಲ್ಲಿ ರೆಡ್ ಆದರೂ ಅಕ್ಷರ ಬದಲಾಗುವುದಿಲ್ಲ. ಅದನ್ನು ನೋಡಿ ಜನ ಇಲ್ಲೂ ‘ಎ’ ಉಳಿಸಿಕೊಳ್ಳುತ್ತಾರೆ.

ಈಗ ಇದನ್ನು ನಾಲ್ಕು ಸಲ ಜೋರಾಗಿ ಹೇಳಿ ನೋಡಿ: ‘ದಿ ಎಂಜಿನಿಯರ್ ಹೂ ಲೀಡ್ಸ್ ದ ಟೀಮ್ ಲೆಡ್ ಅಸ್ ಟು ಎ ಲೆಡ್ ಪೈಪ್.’ ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಎರಡು ಲೆಡ್‌ಗಳಲ್ಲಿ ‘ಎ’ ಬರಬೇಕಾದದ್ದು ಪೈಪಿನ ಪಕ್ಕದ್ದಕ್ಕೆ ಮಾತ್ರ.