ಅಗ್ಗದ ಇಂಜಿನ್ ಸ್ಟ್ಯಾಂಡ್ ಕೊಳ್ಳುವ ಮುಂಚೆ ನಿಮ್ಮ ನೆಲ ನೋಡಿ

ನನ್ನ ಮೊದಲ ಇಂಜಿನ್ ಸ್ಟ್ಯಾಂಡ್ ಬಿದ್ದದ್ದು ಭಾರ ಜಾಸ್ತಿಯಾಗಿ ಅಲ್ಲ. ಕಲ್ಲಿನ ಸಂದಿಯಿಂದ. ಇಂಜಿನ್ ಸ್ಟ್ಯಾಂಡ್ ಅಂದರೆ ಕಾರಿನಿಂದ ಹೊರಗೆ ತೆಗೆದ ಇಂಜಿನ್ನನ್ನು ಕಟ್ಟಿ, ತಿರುಗಿಸಿ ಕೆಲಸ ಮಾಡಲು ಬಳಸುವ, ಕೆಳಗೆ ಚಕ್ರ ಇರುವ ಕಬ್ಬಿಣದ ಕಂಬ. ಪುಣೆಯ ಭೋಸರಿಯಲ್ಲಿ ನಮ್ಮ ಮನೆ. ಹಿಂದಿನ ಶೆಡ್‌ಗೆ ಶಹಾಬಾದ್ ಕಲ್ಲು ಹಾಸಿದೆ. ನಮ್ಮ ಕಲಬುರ್ಗಿ ಕಡೆಯಿಂದ ಬಂದ ಕಲ್ಲು, ಇಲ್ಲಿನ ಹಳೇ ಅಂಗಳಗಳಲ್ಲೆಲ್ಲ ಅದೇ. ಎರಡು ಕಲ್ಲಿನ ನಡುವೆ ಬೆರಳಗಲ ಸಂದಿ. ಪದ್ಮಿನಿ ಕಾರಿನ ಇಂಜಿನ್ ಕಟ್ಟಿದ ಸ್ಟ್ಯಾಂಡನ್ನು ನಾನೂ ನನ್ನ ತಂಗಿ ಮಗನೂ ಬೆಳಕಿನ ಕಡೆಗೆ ತಳ್ಳುತ್ತಿದ್ದೆವು. ಮುಂದಿನ ಒಂಟಿ ಚಕ್ರ ಆ ಸಂದಿಗೆ ಸಿಕ್ಕಿಕೊಂಡಿತು. ಇಂಜಿನ್ ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿತು. ಹುಡುಗ ಹಿಡಿಯಲು ಹೋದ. "ಕೈ ಬಿಡೋ!" ಎಂದು ಕೂಗಿದೆ. ಪುಣ್ಯಕ್ಕೆ ಬಿಟ್ಟ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಪುಡಿ, ಆಯಿಲ್ ಸಂಪ್ ಒಳಕ್ಕೆ ತಗ್ಗಿತು, ಒಂದು ಕಲ್ಲೂ ಒಡೆಯಿತು.

ಆಮೇಲೆ ಅವನು ಕೇಳಿದ, "ಮಾಮಾ, ಸ್ಟಿಕರ್ ಮೇಲೆ 450 ಕೆಜಿ ಅಂತ ಇದೆಯಲ್ಲ?"

ಇದೆ. ಆದರೆ ಆ ಅಂಕಿಯಿಂದ ತಿಳಿಯುವುದು ಕಡಿಮೆ. ಸ್ಟ್ಯಾಂಡ್‌ನಲ್ಲಿ ಇಂಜಿನ್ ಮೇಲೆ ಕೂತಿರುವುದಿಲ್ಲ, ಹಿಂಭಾಗವನ್ನಷ್ಟೇ ಬೋಲ್ಟ್ ಹಿಡಿದು, ಉಳಿದದ್ದೆಲ್ಲ ಮುಂದಕ್ಕೆ ಚಾಚಿಕೊಂಡಿರುತ್ತದೆ. ತುಂಬಿದ ಕೊಡ ಸೊಂಟದ ಮೇಲಿದ್ದರೆ ಊರೆಲ್ಲ ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿಯಿರಿ ನೋಡೋಣ. ಉದ್ದನೆಯ ಇಂಜಿನ್ ಅಂದರೆ ಚಾಚಿದ ಕೈ. ನನ್ನ ಪದ್ಮಿನಿಯದು 1089 ಸಿಸಿ, ನಾಲ್ಕು ಸಿಲಿಂಡರ್, ಬೀಡಿನ (ಎರಕದ ಕಬ್ಬಿಣದ) ಬ್ಲಾಕ್. ಗೇರ್‌ಬಾಕ್ಸ್ ಬಿಚ್ಚಿ, ಆಯಿಲ್ ಬಸಿದು ಗುಜರಿ ಅಂಗಡಿಯ ಕಾಟಾ ಮೇಲಿಟ್ಟಾಗ 100 ಕಿಲೋ ದಾಟಿ ಸ್ವಲ್ಪ ತೋರಿಸಿತ್ತು. ಅಂದರೆ ಸ್ಟಿಕರ್‌ನ ಅಂಕಿಯ ಕಾಲು ಭಾಗದ ಆಸುಪಾಸು. ಆದರೂ ಬಿತ್ತು.

ಈ ಕಾರಿನ ಹುಚ್ಚು ಹಿಡಿದದ್ದು 2023ರ ಅಕ್ಟೋಬರ್‌ನಲ್ಲಿ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯ 20 ವರ್ಷದ ಅವಧಿ ಮುಗಿದು ರಸ್ತೆಯಿಂದ ಹೋಯಿತು ಅಂತ ಸುದ್ದಿ ಬಂದಾಗ, ಮಾವನವರ ಪದ್ಮಿನಿ ನಮ್ಮ ಶೆಡ್‌ನಲ್ಲೇ ಧೂಳು ತಿನ್ನುತ್ತಿತ್ತು. ಕುರ್ಲಾದಲ್ಲಿ ತಯಾರಾದ ಕಾರು, ಕುರ್ಲಾದ ಗುಜರಿಗೇ ವಾಪಸ್ ಹೋಗೋದು ಬೇಡ ಅನ್ನಿಸಿತು.

ಮೊದಲು ಒಂದು ಮಾತು. ಎಲ್ಲರಿಗೂ ಸ್ಟ್ಯಾಂಡ್ ಬೇಕಿಲ್ಲ. ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಮೇಲ್ಭಾಗವಾದ ಹೆಡ್‌ನ ಕೆಳಗಿನ ಪದರ) ಬದಲಿಸೋದಾದರೆ ಇಂಜಿನ್ ಕಾರಿನಲ್ಲೇ ಇರಲಿ. ಮಾರುತಿ 800ರಂಥ ಮೂರು ಸಿಲಿಂಡರ್ ಇಂಜಿನ್‌ನ ಸಣ್ಣ ಕೆಲಸಕ್ಕೆ ಹಳೇ ಟೈರ್ ಮೇಲೆ ಕೂರಿಸಿದರೂ ನಡೆಯುತ್ತದೆ, ಗ್ಯಾರೇಜುಗಳಲ್ಲಿ ಮಾಡುವುದು ಅದನ್ನೇ. ಕ್ರ್ಯಾಂಕ್ (ಇಂಜಿನ್‌ನ ಕೆಳಭಾಗದಲ್ಲಿ ತಿರುಗುವ ಮುಖ್ಯ ದಂಡ) ಬಿಚ್ಚಬೇಕು, ಇಂಜಿನ್ನನ್ನು ತಲೆಕೆಳಗು ಮಾಡಬೇಕು ಅಂದಾಗ ಮಾತ್ರ ಸ್ಟ್ಯಾಂಡ್.

ಈಗ ಅಂಗಡಿಯಲ್ಲಿ ಮೊದಲು ಕೆಳಗೆ ನೋಡಿ. ಅಗ್ಗದ ಸ್ಟ್ಯಾಂಡ್‌ಗಳಲ್ಲಿ ಮೂರು ಚಕ್ರದ್ದೇ ಜಾಸ್ತಿ, ಕಂಬದ ಕೆಳಗೆ ಎರಡು, ಮುಂದೆ ಒಂದು. ಒಂದು ಪಕ್ಕಕ್ಕೆ ಎಳೆದರೆ ವಾಲುತ್ತದೆ. ನಾಲ್ಕು ಚಕ್ರ ಅಂತ ಮಾರುವುದರಲ್ಲೂ ಮೋಸ ಇದೆ. ಮುಂದಿನ ಎರಡು ಚಕ್ರಗಳ ನಡುವೆ ಒಂದು ಗೇಣು ಮಾತ್ರ ಇದ್ದರೆ ಅದು ನಾಲ್ಕನೇ ಚಕ್ರದ ವೇಷ ಹಾಕಿದ ಮೂರು ಚಕ್ರದ ಸ್ಟ್ಯಾಂಡ್. ಮುಂದೆಯೂ ಹಿಂದಿನಷ್ಟೇ ಅಗಲ ಇರುವುದನ್ನು ಹುಡುಕಿ. ಕಾಲುಗಳು ಮುಂದಕ್ಕೆ ಎಷ್ಟು ಚಾಚಿವೆ ಅನ್ನೋದೂ ಮುಖ್ಯ. ಇಂಜಿನ್‌ನ ಅರ್ಧಕ್ಕಿಂತ ಮುಂದಕ್ಕೆ ಚಕ್ರ ಬರಬೇಕು.

ಚಕ್ರದ ಗಾತ್ರಕ್ಕೆ ನೆಲವೇ ಅಳತೆ. ಕರಣೆಯಿಂದ ತಿಕ್ಕಿದ ನುಣ್ಣನೆ ಕಾಂಕ್ರೀಟ್ ಇದ್ದರೆ 3 ಇಂಚು ಸಾಕು. ಶಹಾಬಾದ್, ಕೋಟಾ, ಪೇವರ್ ಬ್ಲಾಕ್ ಇದ್ದರೆ 5 ಇಂಚಿಗಿಂತ ಕಡಿಮೆ ಬೇಡ. ಚಕ್ರವನ್ನು ಬೋಲ್ಟ್‌ನಿಂದ ಕಟ್ಟಿರಬೇಕು. ವೆಲ್ಡ್ ಮಾಡಿದ್ದರೆ ಮುಂದೆ ಬದಲಿಸುವಾಗ ಗ್ರೈಂಡರ್ ಹಿಡಿಯಬೇಕಾಗುತ್ತದೆ. ಕನಿಷ್ಠ ಎರಡಕ್ಕೆ ಬ್ರೇಕ್ ಇರಲಿ.

ಎರಡನೆಯದು ಪೈಪಿನ ದಪ್ಪ. ಹೊರಗಿಂದ 50 ಎಂಎಂ ಚೌಕ ಪೈಪ್ ಎಲ್ಲವೂ ಒಂದೇ ಥರ ಕಾಣುತ್ತದೆ. ತುದಿಯ ಪ್ಲಾಸ್ಟಿಕ್ ಮುಚ್ಚಳ ಕಿತ್ತು ವರ್ನಿಯರ್ (ದಪ್ಪ ಅಳೆಯುವ ಉಪಕರಣ) ಹಾಕಿ. ಅಂಗಡಿಯವನು ಮುಖ ಗಂಟಿಕ್ಕಿದರೂ ಪರವಾಗಿಲ್ಲ. 3 ಎಂಎಂ ಇದ್ದರೆ ಒಳ್ಳೆಯದು. 2 ಎಂಎಂ ಅಥವಾ ಕಡಿಮೆ ಇದ್ದರೆ ಬೀಡಿನ ಬ್ಲಾಕ್‌ಗೆ ನಾನಂತೂ ಬಳಸುವುದಿಲ್ಲ. 50×50×3 ಪೈಪ್ ಮೀಟರಿಗೆ ಸುಮಾರು 4.3 ಕಿಲೋ ತೂಗುತ್ತದೆ. ಹಾಗಾಗಿ ಸ್ಟ್ಯಾಂಡ್ ಎತ್ತಿ ನೋಡಿದರೇ ಅಂದಾಜು ಸಿಗುತ್ತದೆ. ಒಂದೇ ಕೈಯಲ್ಲಿ ಆರಾಮಾಗಿ ಎತ್ತಿಬಿಟ್ಟರೆ ಅಲ್ಲೇ ಇಟ್ಟು ಬನ್ನಿ. ಮಡಚುವ ಸ್ಟ್ಯಾಂಡ್ ಫ್ಲ್ಯಾಟ್‌ನವರಿಗೆ ಅನುಕೂಲ, ಸೊಸೈಟಿ ಸೆಕ್ರೆಟರಿಯ ಕಣ್ಣಿಗೂ ಬೀಳುವುದಿಲ್ಲ. ಆದರೆ ಮಡಚುವ ಜಾಗದ ಪಿನ್ ಅಲ್ಲಾಡಿಸಿ ನೋಡಿ. ಅಲ್ಲಿ ಒಂದು ಎಂಎಂ ಸಡಿಲ ಇದ್ದರೆ ಇಂಜಿನ್ ತುದಿಯಲ್ಲಿ ಅದು ಬಹಳಷ್ಟಾಗುತ್ತದೆ.

ಕಂಬದ ತಲೆಯಲ್ಲಿ ಒಂದು ಅಡ್ಡ ಕೊಳವೆ ಇರುತ್ತದೆ. ಅದರೊಳಗೆ ಇಂಜಿನ್ ಹಿಡಿಯುವ ಪ್ಲೇಟ್ ತಿರುಗುತ್ತದೆ. ಪಕ್ಕದಿಂದ ನೋಡಿ, ಆ ಕೊಳವೆ ಮುಂದಕ್ಕೆ ಸ್ವಲ್ಪ ಮೇಲೆ ಎದ್ದಿರಬೇಕು. ವಕ್ರವಾಗಿದೆ ಅಂತ ಬಿಡಬೇಡಿ. ಭಾರ ಬಿದ್ದಾಗ ತಗ್ಗಿ ಮಟ್ಟಕ್ಕೆ ಬರಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ಮೊದಲೇ ಮಟ್ಟವಾಗಿದ್ದರೆ ಆಮೇಲೆ ಇಂಜಿನ್ ಮೂಗು ಕೆಳಗೆ ಮಾಡುತ್ತದೆ. ಪ್ಲೇಟ್ ತಿರುಗದಂತೆ ತಡೆಯುವ ಲಾಕ್ ಪಿನ್ನಿನ ತೂತುಗಳು ಸುತ್ತಲೂ ಹೆಚ್ಚಿದ್ದಷ್ಟು ಒಳ್ಳೆಯದು. ಹ್ಯಾಂಡಲ್‌ಗೆ ಗೇರ್ ಇರುವ ಸ್ಟ್ಯಾಂಡ್ ದುಬಾರಿ, ಸಣ್ಣ ಕಾರಿನ ಇಂಜಿನ್‌ಗೆ ಬೇಕಿಲ್ಲ.

ಎಲ್ಲರೂ ಮರೆಯುವುದು ಬೋಲ್ಟ್. ಸ್ಟ್ಯಾಂಡ್ ಜೊತೆ ಬರುವ ಬೋಲ್ಟ್‌ಗಳ ತಲೆ ನೋಡಿ. ಏನೂ ಬರೆದಿಲ್ಲ ಅಂದರೆ ಗುಜರಿ ಡಬ್ಬಕ್ಕೆ ಹಾಕಿ. 8.8 ಅಥವಾ 10.9 ಅಂತ ಒತ್ತಿರಬೇಕು, ಅದು ಬೋಲ್ಟಿನ ಗಟ್ಟಿತನದ ಗುರುತು. ಸ್ಟ್ಯಾಂಡ್ ಕಟ್ಟುವುದು ಗೇರ್‌ಬಾಕ್ಸ್‌ನ ಬೋಲ್ಟ್ ತೂತುಗಳಿಗೇ, ಹಾಗಾಗಿ ಗೇರ್‌ಬಾಕ್ಸ್ ಬಿಚ್ಚಿದ ಬೋಲ್ಟ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ರವಿವಾರ ಪೇಠೆಯ ಬೋಹ್ರಿ ಆಳಿಗೆ ಹೋಗಿ. ಅಲ್ಲಿ ಹಾರ್ಡ್‌ವೇರ್ ಅಂಗಡಿಗಳ ಸಾಲೇ ಇದೆ. ಬರೀ "10 ಎಂಎಂ ಕೊಡಿ" ಎಂದರೆ ಆಗದು. ಎಂ10ರಲ್ಲೇ (10 ಎಂಎಂ ಬೋಲ್ಟ್) 1.25 ಪಿಚ್ಚೂ ಇದೆ, 1.5 ಪಿಚ್ಚೂ ಇದೆ. ಪಿಚ್ ಅಂದರೆ ಬೋಲ್ಟಿನ ಥ್ರೆಡ್‌ನ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ದೂರ. ತಪ್ಪು ಪಿಚ್ಚಿನ ಬೋಲ್ಟ್ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ, ನೀವು ಪಾನಾ (ಸ್ಪ್ಯಾನರ್) ಹಾಕಿ ತಿರುಗಿಸುತ್ತೀರಿ, ಬ್ಲಾಕ್‌ನ ಥ್ರೆಡ್ ಹೋಗುತ್ತದೆ. ಇಲ್ಲಿನವರು ಥ್ರೆಡ್‌ಗೆ 'ಆಟೆ' ಅಂತಾರೆ. ಕೈಯಿಂದಲೇ ಪೂರ್ತಿ ಒಳಗೆ ಹೋಗಬೇಕು, ಅದೇ ಪರೀಕ್ಷೆ. ಬ್ಲಾಕ್‌ನೊಳಗೆ ಎಷ್ಟು ಹೋಗಬೇಕು ಅಂದರೆ, ಬೀಡಾದರೆ ಕನಿಷ್ಠ ಬೋಲ್ಟಿನ ದಪ್ಪದಷ್ಟು, ಅಲ್ಯುಮಿನಿಯಂ ಆದರೆ ಅದರ ಒಂದೂವರೆಯಷ್ಟು. ತೋಳು (ಪ್ಲೇಟಿನಿಂದ ಇಂಜಿನ್‌ಗೆ ಚಾಚುವ ಕಬ್ಬಿಣದ ತುಂಡು), ಸ್ಪೇಸರ್, ವಾಷರ್ ಎಲ್ಲ ಸೇರಿಸಿ ಉದ್ದ ಲೆಕ್ಕ ಹಾಕಿ. ನಾಲ್ಕು ಬೋಲ್ಟಿಗೆ ನಾನು ಕೊಟ್ಟದ್ದು ಎರಡು ಪ್ಲೇಟ್ ಮಿಸಳ್‌ನ ದುಡ್ಡು.

ಹೊಸದು ಬೇಡ ಅಂದರೆ ಬುಧವಾರ ಅಥವಾ ಭಾನುವಾರ ಪುಣೆಯ ಹಳೇ ಸಾಮಾನಿನ ಸಂತೆ ಜುನಾ ಬಾಜಾರ್ ಸುತ್ತಿ. ನನ್ನ ಮೂರು ಚಕ್ರದ್ದು ಅಲ್ಲಿಯದೇ. ಬಿದ್ದ ಮೇಲೆ ಎಸೆಯಲಿಲ್ಲ. ಪಕ್ಕದ ಗಲ್ಲಿಯ ವೆಲ್ಡರ್ ಹತ್ತಿರ ಮುಂದಿನ ತುದಿಗೆ 60 ಸೆಂಟಿಮೀಟರ್ ಅಡ್ಡ ಪೈಪ್ ಹಾಕಿಸಿ, ಎರಡು 5 ಇಂಚಿನ ಚಕ್ರ ಕೊಡಿಸಿದೆ. "ಕಾಕಾ, ಹಿಂದಿನವನ್ನೂ ಬದಲಿಸಿ, ಇಲ್ಲದಿದ್ದರೆ ಮುಂದೆ ಎತ್ತರ ಆಗುತ್ತೆ" ಅಂದ. ನನಗೆ ಅದು ಹೊಳೆದೇ ಇರಲಿಲ್ಲ. ಸ್ಟ್ಯಾಂಡಿನ ಬೆಲೆ, ರಿಪೇರಿ ಎಲ್ಲ ಸೇರಿದರೂ ಹೊಸ ಸ್ಟ್ಯಾಂಡಿನ ಅರ್ಧ ದುಡ್ಡಿಗೆ ಮುಗಿಯಿತು. ಚೌಕಟ್ಟು ಗಟ್ಟಿಯಿದ್ದು ಕಾಲು ಮಾತ್ರ ಕೆಟ್ಟದ್ದಾದರೆ ಹೀಗೆ ಮಾಡಬಹುದು. ಕಂಬದ ಬುಡದ ವೆಲ್ಡ್‌ನಲ್ಲಿ ಬಿರುಕಿದ್ದರೆ ಮಾತ್ರ ಚೌಕಾಸಿಯೇ ಬೇಡ.

ಇಂಜಿನ್ ಕಟ್ಟುವ ಕ್ರಮ. ಕ್ಲಚ್, ಫ್ಲೈವೀಲ್ ಮೊದಲೇ ಬಿಚ್ಚಿ, ಯಾಕೆಂದರೆ ಸ್ಟ್ಯಾಂಡ್ ಹಿಡಿಯುವುದು ಅದೇ ಮುಖವನ್ನು. ಇಂಜಿನ್ ಚೈನ್ ಬ್ಲಾಕ್‌ನಲ್ಲಿ (ಭಾರ ಎತ್ತುವ ಸರಪಳಿ ರಾಟೆ) ನೇತಾಡುತ್ತಿರುವಾಗ ತಲೆಯ ಪ್ಲೇಟನ್ನು ಸ್ಟ್ಯಾಂಡಿನಿಂದ ಹೊರಗೆ ಎಳೆದು ಇಂಜಿನ್‌ಗೆ ಕಟ್ಟಿ, ಆಮೇಲೆ ಸ್ಟ್ಯಾಂಡನ್ನೇ ತಂದು ಕೊಳವೆಗೆ ತೂರಿಸಿ. ನಾಲ್ಕು ತೋಳು ಪ್ಲೇಟ್ ಮೇಲೆ ಸಡಿಲವಾಗಿರಲಿ. ಬ್ಲಾಕ್‌ಗೆ ಬೋಲ್ಟ್ ಕೈಯಲ್ಲಿ ಹಾಕಿ, ತೋಳು ತನ್ನ ಜಾಗ ಹುಡುಕಿಕೊಂಡ ಮೇಲೆ ಬಿಗಿ ಮಾಡಿ. ಪ್ಲೇಟಿನ ನಡುವು ಕ್ರ್ಯಾಂಕ್‌ಗಿಂತ ಸ್ವಲ್ಪ ಮೇಲೆ ಬರುವಂತೆ ಕಟ್ಟಿ. ಹೆಡ್ ಬಿಚ್ಚಿದ ಮೇಲೆ ತೂಕ ಕೆಳಕ್ಕೆ ಸರಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಾನು ಕ್ರ್ಯಾಂಕ್‌ಗಿಂತಲೂ ಕೆಳಗೆ ಕಟ್ಟಿದ್ದೆ. ಲಾಕ್ ಪಿನ್ ಎಳೆದ ಕೂಡಲೇ ಇಂಜಿನ್ ತಾನೇ ಮಗುಚಿ, ಹ್ಯಾಂಡಲ್ ಬಂದು ಹೆಬ್ಬೆರಳಿಗೆ ಬಡಿಯಿತು. ಉಗುರು ಬರಲು ಮೂರು ತಿಂಗಳು. ಹಾಗಾಗಿ ಪಿನ್ ಎಳೆಯುವ ಮುಂಚೆ ಹ್ಯಾಂಡಲ್ ಮೇಲೆ ಒಂದು ಕೈ ಭದ್ರವಾಗಿರಲಿ.

ಹೆಡ್ ಬೋಲ್ಟ್‌ಗೆ ಟಾರ್ಕ್ ಹಾಕುವಾಗ, ಅಂದರೆ ಅಳತೆಯಷ್ಟು ಬಿಗಿ ಮಾಡುವಾಗ, ಸ್ಟ್ಯಾಂಡ್ ಓಡಾಡುತ್ತದೆ. ಬ್ರೇಕ್ ಹಾಕಿ, ಚಕ್ರಕ್ಕೆ ಮರದ ತುಂಡು ಕೊಡಿ, ಒಬ್ಬರು ಕಾಲಿಟ್ಟು ನಿಲ್ಲಿ. ಪಾನಾವನ್ನು ಪಕ್ಕಕ್ಕಲ್ಲ, ಆದಷ್ಟು ಕಂಬದ ಕಡೆಗೆ ಎಳೆಯಿರಿ. ಕೆಲಸ ತಿಂಗಳುಗಟ್ಟಲೆ ನಿಲ್ಲುವುದಾದರೆ, ನಮ್ಮಲ್ಲಿ ನಿಲ್ಲುತ್ತದೆ, ಇಂಜಿನ್ ಮೂಗಿನ ಕೆಳಗೆ ಒಂದು ಸ್ಕ್ರೂ ಜ್ಯಾಕ್ ಕೊಟ್ಟುಬಿಡಿ. ಮಳೆಗಾಲದಲ್ಲಿ ಸಿಲಿಂಡರ್‌ಗೆ ಆಯಿಲ್ ಸವರಿ ಮುಚ್ಚಿಡಿ, ಪುಣೆಯ ಜುಲೈಗೆ ಎರಡು ದಿನ ಸಾಕು ತುಕ್ಕು ಹಿಡಿಸಲು.

ಹಿಂದಿನ ಆಯಿಲ್ ಸೀಲ್ ಮತ್ತು ಫ್ಲೈವೀಲ್ ಕೆಲಸ ಸ್ಟ್ಯಾಂಡ್ ಮೇಲೆ ಆಗುವುದಿಲ್ಲ, ಪ್ಲೇಟ್ ಅಡ್ಡ ಬರುತ್ತದೆ. ಅದನ್ನು ಕೊನೆಗೆ, ಮತ್ತೆ ಚೈನ್ ಬ್ಲಾಕ್‌ಗೆ ಎತ್ತಿದ ಮೇಲೆ ಇಟ್ಟುಕೊಳ್ಳಿ. ನಾನು ಸೀಲ್ ಮರೆತು ಇಂಜಿನ್ ಕಾರಿಗೆ ಇಳಿಸಿ, ಅದೇ ದಿನ ವಾಪಸ್ ಎತ್ತಿದೆ. ಹುಡುಗ ಆ ಹೊತ್ತಿಗೆ ಮಾತಾಡುವುದನ್ನೇ ಬಿಟ್ಟಿದ್ದ.