ತಹ್ಸೀಲಾತ್ ಅಂದ್ರೆ ಕಂದಾಯ ಅಂದುಕೊಂಡಿದ್ದೆ

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಇರಾನಿನ ಭಾಷೆ ಫಾರ್ಸಿ ಕಲಿಯಲು ಕೂತಾಗ ಒಂದು ಧೈರ್ಯ ಇತ್ತು. ಅರ್ಜಿ, ಹುಕುಂ, ದಫ್ತರ, ತಾರೀಖು, ಮೊಹರು ಎಲ್ಲಾ ಆ ಕಡೆಯಿಂದ ಬಂದ ಪದಗಳೇ. ಅರ್ಧ ಭಾಷೆ ಬಂದ ಹಾಗೇ ಅಲ್ವಾ?

ಬೆಂಗಳೂರಿನಲ್ಲಿ ಓದುತ್ತಿದ್ದ ಇರಾನಿ ಹುಡುಗನೊಬ್ಬ ಒಂದು ಫಾರಂ ತಂದ. ಅದರಲ್ಲಿ 'ಮೀಜಾನೆ ತಹ್ಸೀಲಾತ್' ಅಂತ ಒಂದು ಕಾಲಂ. ತಹಶೀಲ್ದಾರರ ಕೈಕೆಳಗೆ ದುಡಿದವನು, ಇನ್ನೇನು ಹೊಳೆಯುತ್ತೆ? 'ಕಟ್ಟಿದ ಕಂದಾಯ' ಅಂದೆ. ಹುಡುಗ ನಕ್ಕುಬಿಟ್ಟ. ಎಲ್ಲಿಯವರೆಗೆ ಓದಿದ್ದೀರಿ ಅಂತ ಕೇಳುವ ಕಾಲಂ ಅದು! ಮೂಲದಲ್ಲಿ ತಹ್ಸೀಲ್ ಅಂದರೆ ಪಡೆಯುವುದು. ನಮ್ಮಲ್ಲಿ ಅದು ವಸೂಲಿಗೆ ಅಂಟಿಕೊಂಡಿತು, ಅವರಲ್ಲಿ ಓದಿಗೆ. ರುಜುವಿನದೂ ಇದೇ ಕಥೆ. 'ಅರ್ಬಾಬೆ ರೊಜು' ಅಂದರೆ ಕಚೇರಿಗೆ ಕೆಲಸದ ಮೇಲೆ ಬಂದ ಜನ. ಸಹಿಗೆ ಅವರು 'ಎಮ್ಜಾ' ಅನ್ನುತ್ತಾರೆ.

ಪದಗಳನ್ನು ನಂಬುವುದು ಬಿಟ್ಟೆ. ಕೈ ಹಿಡಿದದ್ದು ಕಚೇರಿ ಕನ್ನಡದ ವಾಕ್ಯಗಳು. 'ಎಹ್ತೆರಾಮನ್ ಬೆ ಎಸ್ತೆಹ್ಜಾರ್ ಮೀರೆಸಾನದ್' ಅಂತ ಪತ್ರ ಶುರುವಾದರೆ, ಅದು ನಮ್ಮ 'ತಮ್ಮ ಅವಗಾಹನೆಗೆ ತರಲಾಗಿದೆ'. ತಂದವರು ಯಾರು ಅಂತ ಅವರೂ ಹೇಳಲ್ಲ, ನಾವೂ ಹೇಳಲ್ಲ. ಮಾತಿನಲ್ಲಿ 'ಕರ್ದನ್' ಆಗಿದ್ದ ಮಾಡುವುದು ಕಾಗದಕ್ಕೆ ಬಂದಾಗ 'ನಮೂದನ್' ಆಗುತ್ತೆ. ನಮ್ಮ ನಮೂದಿನ ನೆಂಟ ಇದು.

ಜಾಸ್ತಿ ಕಾಡಿದ್ದು ಉಲ್ಲೇಖದ ಸಾಲು. 'ಅತ್ಫ್ ಬೆ ನಾಮೆ' ಅಂದರೆ ನೀವು ಬರೆದ ಪತ್ರಕ್ಕೆ ಇದು ಉತ್ತರ. 'ಪೇರೋವೆ ನಾಮೆ' ಅಂದರೆ ನಾವೇ ಹಿಂದೆ ಬರೆದಿದ್ದ ಪತ್ರದ ಮುಂದುವರಿಕೆ. ಕನ್ನಡಕ್ಕೆ ತರುವಾಗ ಎರಡಕ್ಕೂ ಸುಮ್ನೆ 'ಉಲ್ಲೇಖ' ಅಂತ ಬರೆದು ಮುಗಿಸುತ್ತಿದ್ದೆ. ಯಾರು ಯಾರಿಗೆ ಉತ್ತರ ಕೊಡಬೇಕು ಅನ್ನುವುದೇ ಅದರಲ್ಲಿ ಕಳೆದುಹೋಗುತ್ತಿತ್ತು. ಕಡತ ನೋಡಿದವರಿಗೆ ಗೊತ್ತು, ಅದು ಸಣ್ಣ ತಪ್ಪಲ್ಲ.

ಇನ್ನೊಂದು, ಕ್ರಿಯಾಪದ ನುಂಗುವ ಚಾಳಿ. 'ಮೊಜೂ ರಾ ಬರ್ರಸಿ ವ ನತೀಜೆ ರಾ ಎಲಾಮ್ ಫರ್ಮಾಯೀದ್.' ಬರ್ರಸಿ ಅಂದರೆ ಪರಿಶೀಲನೆ. ಅದರ ಪಕ್ಕ ಕ್ರಿಯಾಪದವೇ ಇಲ್ಲ! ಕೊನೆಯ 'ಫರ್ಮಾಯೀದ್' ಅದಕ್ಕೂ ಸೇರಿಯೇ ದುಡಿಯುತ್ತೆ. 'ವಿಷಯ ಪರಿಶೀಲಿಸಿ ಫಲಿತಾಂಶ ತಿಳಿಸತಕ್ಕದ್ದು' ಅಂತ ಒಂದೇ ಉಸಿರಿಗೆ ಓದಿದ ಮೇಲೆ ಗಂಟು ಬಿಚ್ಚಿತು. ಈಗ ಉದ್ದ ವಾಕ್ಯ ಕಂಡರೆ ಮೊದಲು ಕೊನೆಗೆ ಹೋಗಿ ಕ್ರಿಯಾಪದ ಹುಡುಕುತ್ತೇನೆ.

ಮೊನ್ನೆ ಅನುವಾದಕ್ಕೆ ಒಂದು ರಜೆ ಪತ್ರ ಬಂತು. ಇರಾನಿ ಕ್ಯಾಲೆಂಡರಿನ ಮೆಹ್ರ್ ತಿಂಗಳ 1ರಿಂದ 'ಲೆಗಾಯತೆ' 10 ಅಂತ ಇತ್ತು. ಕಿವಿಗೆ ನಮ್ಮ ಲಗಾಯ್ತು. ಆದರೆ 'ಅವತ್ತಿನಿಂದ ಲಗಾಯ್ತು' ಅನ್ನುವಾಗ ನಾವು ಶುರುವನ್ನು ತೋರಿಸುತ್ತೇವೆ. ಅವರದು ಕೊನೆಯ ಗೆರೆ, ಆ ಕೊನೆಯ ದಿನವೂ ಸೇರಿ. '10ನೇ ತಾರೀಖು ಸೇರಿ, ಒಟ್ಟು 10 ದಿನ' ಅಂತ ಬಿಡಿಸಿ ಬರೆದೆ.