ಮಾರ್ಚ್ ಮ್ಯಾಡ್‌ನೆಸ್: ಫೈನಲ್‌ಗೆ ಮೊದಲೇ ಅಸಲು ತೆಗೆದ ನನ್ನ ಅನುಭವ

ಮಾರ್ಚ್ ಮ್ಯಾಡ್‌ನೆಸ್ ಅಂದರೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನಾಕೌಟ್ ಟೂರ್ನಿ. ಅದರಲ್ಲಿ ಡ್ಯೂಕ್ ತಂಡ ಬಿಟ್ಟು ಫ್ಲೋರಿಡಾ ಗೆಲ್ಲುತ್ತದೆ ಅನ್ನುವ ಕಾಂಟ್ರ್ಯಾಕ್ಟ್ ಯಾಕೆ ಕೊಂಡೆ, ಅದರಲ್ಲೂ ಅರ್ಧವನ್ನು ಫೈನಲ್‌ಗೆ ಮೊದಲೇ ಯಾಕೆ ಮಾರಿದೆ ಅಂತ ಡಲ್ಲಾಸಿನ ಗೆಳೆಯರು ಈಗಲೂ ಕೇಳುತ್ತಾರೆ. 2025ರ ಮಾರ್ಚ್‌ನಲ್ಲಿ "ಇದೆಲ್ಲ ಎಕ್ಸೆಲ್ ಆಟ, ದುಡ್ಡು ಬರಲ್ಲ" ಅಂದವರು ಅವರೇ. ಬಂತು.

ಮೊದಲು ಹೋದ ದುಡ್ಡಿನ ವಿಷಯ. ಕಲ್ಶಿ ಅಂದರೆ ಮುಂದಾಗುವ ಘಟನೆಗಳ ಮೇಲೆ ಕಾಂಟ್ರ್ಯಾಕ್ಟ್ ಕೊಂಡು ಮಾರುವ ಅಮೆರಿಕದ ಮಾರುಕಟ್ಟೆ. ಹೇಳಿದ್ದು ನಡೆದರೆ ಕಾಂಟ್ರ್ಯಾಕ್ಟಿಗೆ ಒಂದು ಡಾಲರ್, ಇಲ್ಲವಾದರೆ ಸೊನ್ನೆ. ಹಾಗಾಗಿ ಸೆಂಟಿನಲ್ಲಿರುವ ಬೆಲೆಯೇ ಶೇಕಡಾ ಸಾಧ್ಯತೆ ಇದ್ದ ಹಾಗೆ. ಅಲ್ಲಿ ಕ್ರೀಡೆಯ ಕಾಂಟ್ರ್ಯಾಕ್ಟ್ ಶುರುವಾದದ್ದೇ 2025ರಲ್ಲಿ. ಅದಕ್ಕೂ ಮುಂಚೆ ನ್ಯೂಜೆರ್ಸಿಯಲ್ಲಿದ್ದಾಗ ಸ್ಪೋರ್ಟ್ಸ್‌ಬುಕ್‌ನಲ್ಲಿ (ಬೆಟ್ಟಿಂಗ್ ಕಂಪನಿಯಲ್ಲಿ) ಫ್ಯೂಚರ್ಸ್, ಅಂದರೆ ಟೂರ್ನಿ ಯಾರು ಗೆಲ್ಲುತ್ತಾರೆ ಅಂತ ಮುಂಚೆಯೇ ಕಟ್ಟುವ ಬೆಟ್, ಹಾಕುತ್ತಿದ್ದೆ. 2023ರಲ್ಲಿ ಪರ್ಡ್ಯೂ ಮೇಲೆ ಮುನ್ನೂರು ಚಿಲ್ಲರೆ ಡಾಲರ್. ನಂಬರ್ ಒನ್ ಸೀಡ್ (ಟೂರ್ನಿಯ ನಾಲ್ಕು ಗುಂಪುಗಳಲ್ಲಿ ತನ್ನದರಲ್ಲಿ ಮೊದಲ ಶ್ರೇಯಾಂಕ), ಏಳಡಿ ನಾಲ್ಕಿಂಚಿನ ಜ್ಯಾಕ್ ಈಡಿ ಇದ್ದ ತಂಡ. ಮೊದಲ ಸುತ್ತಿನಲ್ಲೇ 16ನೇ ಸೀಡ್ ಫೇರ್ಲೀ ಡಿಕಿನ್ಸನ್ 63-58ರಿಂದ ಮನೆಗೆ ಕಳಿಸಿತು. ಆ ಕಾಲೇಜು ನ್ಯೂಜೆರ್ಸಿಯದೇ. ಸ್ವಂತ ರಾಜ್ಯದ ಕಾಲೇಜು ತಂಡದ ಆಟಕ್ಕೆ ಅಲ್ಲಿ ಕಾನೂನು ಬೆಟ್ ಬಿಡುವುದಿಲ್ಲ. ಹಾಗಾಗಿ ಎದುರು ಬದಿಗೆ ಒಂದಿಷ್ಟು ಹಾಕಿ ನಷ್ಟ ತಗ್ಗಿಸುವ ದಾರಿಯೂ ಇರಲಿಲ್ಲ. ಮಾರೋಣ ಅಂದರೆ ಕಂಪನಿ ಬೆಟ್ ವಾಪಸ್ ಕೊಳ್ಳುವ ಕ್ಯಾಶ್‌ಔಟ್ ಬೆಲೆ ಕೊಂಡದ್ದಕ್ಕಿಂತ ಕಡಿಮೆ. ಮಧ್ಯದಲ್ಲಿ ಸರಿಯಾದ ಬೆಲೆಗೆ ಮಾರಲು ಆಗದ ಕಡೆ ಫ್ಯೂಚರ್ಸ್ ಬೇಡವೇ ಬೇಡ ಅಂತ ಆಗಲೇ ನಿರ್ಧರಿಸಿದೆ.

ನನ್ನ ಲೆಕ್ಕ ಸರಳ. ಆರು ಸುತ್ತಿಗೂ ತಂಡಗಳ ಬಲ ಅಳೆಯುವ ಕೆನ್‌ಪಾಮ್ ಅಂಕಿಗಳಿಂದ ಸಾಧ್ಯತೆ ತೆಗೆದು ಗುಣಿಸುತ್ತೇನೆ. ಆದರೆ ಫೈನಲ್ ತಲುಪುವುದನ್ನೂ ಅಲ್ಲಿ ಯಾರು ಎದುರಾಗುತ್ತಾರೆ ಎನ್ನುವುದನ್ನೂ ಬೇರೆ ಬೇರೆ ಇಡುತ್ತೇನೆ. ಹೆಚ್ಚಿನವರು ತಮ್ಮ ತಂಡ ಆಡುವ ದಿನ ಮಾತ್ರ ಬೆಲೆ ನೋಡುತ್ತಾರೆ. ಬ್ರಾಕೆಟ್‌ನ (ಪಂದ್ಯಗಳ ಪಟ್ಟಿಯ) ಆ ಕಡೆ ದೊಡ್ಡ ತಂಡ ಒದ್ದಾಡುತ್ತಿದ್ದರೆ ಈ ಕಡೆಯ ಬೆಲೆ ತಡವಾಗಿ ಏರುತ್ತದೆ. ನನ್ನ ಲಾಭ ಇರುವುದು ಅಲ್ಲೇ. ತಟಸ್ಥ ಅಂಗಳಕ್ಕೆ ಅಂಕಿಗಳನ್ನು ಎಷ್ಟು ತಿದ್ದುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಆ ವರ್ಷ ಡ್ಯೂಕ್ ಬೆಲೆಯಲ್ಲಿ ಅದರ ಸ್ಟಾರ್ ಆಟಗಾರ ಕೂಪರ್ ಫ್ಲ್ಯಾಗ್ ಹೆಸರಿನ ತೂಕ ಜಾಸ್ತಿ ಇತ್ತು. ಫ್ಲೋರಿಡಾ ಫೆಬ್ರವರಿಯಲ್ಲಿ ಆಬರ್ನ್ ಅಂಗಳಕ್ಕೇ ಹೋಗಿ 90-81ರಿಂದ ಗೆದ್ದಿತ್ತು, ಆದರೂ ಅಗ್ಗ. ಸುಮಾರು 17 ಸೆಂಟಿನಂತೆ ಮೂರು ಸಾವಿರ ಕಾಂಟ್ರ್ಯಾಕ್ಟ್ ಕೊಂಡೆ. ಟೂರ್ನಿಯಲ್ಲಿ ಯುಕಾನ್ ವಿರುದ್ಧ 77-75ರಲ್ಲಿ ಬಚಾವಾಯಿತು. ಟೆಕ್ಸಸ್ ಟೆಕ್ ವಿರುದ್ಧ ಮೂರು ನಿಮಿಷಕ್ಕಿಂತ ಕಡಿಮೆ ಇರುವಾಗ 9 ಅಂಕ ಹಿಂದೆ. ಬೆಲೆ ಒಂದಂಕಿ ಸೆಂಟಿಗೆ ಇಳಿದರೂ ಮುಟ್ಟಲಿಲ್ಲ. ಅದೂ ಗೆದ್ದಿತು.

ಪಕ್ಕದಲ್ಲಿ ಬೇರೆ ಪ್ರಯೋಗಗಳೂ ನಡೆದವು. ಎಲ್ಲ ತಂಡಗಳ ಯೆಸ್ (ಗೆಲ್ಲುತ್ತದೆ) ಬೆಲೆ ಕೂಡಿಸಿದರೆ ನೂರು ದಾಟುತ್ತದೆ, ಹೆಚ್ಚುವರಿ ಇರುವುದು ಬಹುಪಾಲು ಪುಟ್ಟ ತಂಡಗಳಲ್ಲಿ. ಅವುಗಳ ನೋ (ಗೆಲ್ಲುವುದಿಲ್ಲ) 98ಕ್ಕೆ ಕೊಂಡೆ. ಸಿಗುವುದು ಎರಡು ಸೆಂಟ್, ಮೂರು ವಾರ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ, ಚಿಕ್ಕ ಆರ್ಡರ್ ಹಾಕಿದರೆ ಮುಂದಿನ ಸೆಂಟಿಗೆ ಏರಿಸಿ ಹಿಡಿಯುವ ಫೀ ಇನ್ನೊಂದಿಷ್ಟು ತಿನ್ನುತ್ತಿತ್ತು. ಉಪಯೋಗ ಇಲ್ಲ. ಮಹಿಳೆಯರ ಟೂರ್ನಿಯಲ್ಲೂ ನೋಡಿದೆ. ಆರ್ಡರ್ ಬುಕ್ (ಕೊಳ್ಳುವ ಮಾರುವವರ ಪಟ್ಟಿ) ತೀರಾ ತೆಳು, ಕೊಳ್ಳುವ ಮಾರುವ ಬೆಲೆಗಳ ನಡುವೆ ನಾಲ್ಕೈದು ಸೆಂಟ್ ಅಂತರ. ಇವೆಲ್ಲ ಸೇರಿ ನೂರು ಡಾಲರ್ ಹೋಯಿತು.

ಏಪ್ರಿಲ್ 5, ಸ್ಯಾನ್ ಆಂಟೋನಿಯೋ. ನಾಲ್ಕೂ ನಂಬರ್ ಒನ್ ಸೀಡ್‌ಗಳು ಸೆಮಿಫೈನಲ್‌ನಲ್ಲಿ, 2008ರ ನಂತರ ಮೊದಲ ಸಲ. ಫ್ಲೋರಿಡಾ ಆಬರ್ನ್ ಅನ್ನು 79-73ರಿಂದ ಸೋಲಿಸಿತು. ಆಮೇಲೆ ಡ್ಯೂಕ್ ಹೂಸ್ಟನ್ ಮೇಲೆ 14 ಅಂಕ ಮುಂದೆ ಹೋಯಿತು. ಫ್ಲೋರಿಡಾ ಬೆಲೆ 33ರ ಹತ್ತಿರ ಬಂತು. ನನ್ನ ಲೆಕ್ಕದಲ್ಲಿ ಡ್ಯೂಕ್ ಎದುರಾದರೆ 36, ಹೂಸ್ಟನ್ ಎದುರಾದರೆ 52. ಹೂಸ್ಟನ್‌ಗೆ ಹತ್ತರಲ್ಲಿ ಒಂದೇ ಪಾಲು ಕೊಟ್ಟರೂ ಬೆಲೆ 37 ದಾಟಬೇಕು. ಇನ್ನೂ ಸಾವಿರ ಕೊಂಡೆ. ಹೂಸ್ಟನ್ ಗೆಲ್ಲುತ್ತದೆ ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ, ಅದು ಸೋತರೂ ನನ್ನ ಕಾಂಟ್ರ್ಯಾಕ್ಟ್ ಬದುಕಿರುತ್ತಿತ್ತು. 35 ಸೆಕೆಂಡ್ ಇದ್ದಾಗಲೂ ಡ್ಯೂಕ್ 6 ಅಂಕ ಮುಂದಿತ್ತು. ಕೊನೆಗೆ 70-67, ಹೂಸ್ಟನ್. ಅರ್ಧ, ಅಂದರೆ ಎರಡು ಸಾವಿರ, 52ರ ಆಸುಪಾಸಿನಲ್ಲಿ ಮಾರಿದೆ. ಹಾಕಿದ ಎಂಟುನೂರ ನಲವತ್ತು ಡಾಲರ್ ವಾಪಸ್, ಮೇಲೆ ಇನ್ನೂರು. ಫೀ ಅತಿ ಹೆಚ್ಚು ಬೀಳುವುದು ಈ 50ರ ಹತ್ತಿರವೇ, ಕಾಂಟ್ರ್ಯಾಕ್ಟಿಗೆ ಒಂದೂ ಮುಕ್ಕಾಲು ಸೆಂಟ್. ಅದನ್ನು ಮೊದಲೇ ಲೆಕ್ಕದಲ್ಲಿ ಹಿಡಿಯಿರಿ.

ಅಸಲು ಕೈಯಲ್ಲಿತ್ತು, ಹಾಗಾಗಿ ಫೈನಲ್‌ನಲ್ಲಿ ಫ್ಲೋರಿಡಾ 12 ಅಂಕ ಹಿಂದೆ ಬಿದ್ದಾಗಲೂ ಉಳಿದದ್ದನ್ನು ಹಿಡಿದುಕೊಳ್ಳಲು ಆಯಿತು. ಕೊನೆಗೆ ಫ್ಲೋರಿಡಾ 65-63 ಮುಂದಿದ್ದಾಗ ಹೂಸ್ಟನ್‌ನ ಎಮಾನ್ಯುಯೆಲ್ ಶಾರ್ಪ್ ಮೂರು ಅಂಕದ ಶಾಟ್‌ಗೆ ಹಾರಿದ. ಫ್ಲೋರಿಡಾದ ವಾಲ್ಟರ್ ಕ್ಲೇಟನ್ ಅವನ ಮೇಲೆಯೇ ನುಗ್ಗಿ ಬಂದ. ಶಾರ್ಪ್ ಗಾಳಿಯಲ್ಲೇ ಚೆಂಡು ಕೈಬಿಟ್ಟ. ತಾನೇ ಮುಟ್ಟಿದರೆ ಟ್ರಾವೆಲಿಂಗ್ ಅನ್ನುವ ನಿಯಮಭಂಗ, ಹಾಗಾಗಿ ಚೆಂಡು ಪುಟಿಯುತ್ತಿದ್ದರೂ ಸುಮ್ನೆ ನಿಂತ. ಸಮಯ ಮುಗಿಯಿತು. ಎರಡು ಸಾವಿರ ಕಾಂಟ್ರ್ಯಾಕ್ಟ್, ತಲಾ ಒಂದು ಡಾಲರ್. ಫೀ, ಪಕ್ಕದ ನಷ್ಟ ಎಲ್ಲ ಕಳೆದು ಎರಡು ಸಾವಿರ ಡಾಲರ್ ಹತ್ತಿರ ಉಳಿಯಿತು.

ಬೆಂಗಳೂರಿನಿಂದ ಇದೇ ಮಾಡಬಹುದಾ ಅಂತ ತಮ್ಮ ಕೇಳಿದ. ಬೇಡ ಅಂದೆ. 2025ರ ಆಗಸ್ಟ್‌ನಲ್ಲಿ ಭಾರತದ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾಸು ಮಾಡಿದೆ. ಇಲ್ಲಿ ಅಮೆರಿಕದಲ್ಲಿರುವವರು ಮಾತ್ರ, ಅದೂ ನಿಮ್ಮ ರಾಜ್ಯದ ನಿಯಮ ನೋಡಿಕೊಂಡು, ಲಿಮಿಟ್ ಆರ್ಡರ್ (ಬೆಲೆಯನ್ನು ನೀವೇ ಗೊತ್ತುಮಾಡುವ ಆರ್ಡರ್) ಹಾಕಿಯೇ ಕೊಳ್ಳಿ.